ಬಿಸಿಯಾಗದೆ ಹಿಡಿಯದ ಬ್ರೇಕು

ಇಲ್ಲಿ ಬರೆಯುವ ಕೆಲವು ಸಂಗತಿಗಳು ನಡೆದ ಹಾಗೆಯೇ ಇರಲಿಕ್ಕಿಲ್ಲ. ಕೆಲಸಕ್ಕೆ ಸೇರಿದ ದಿನದಿಂದ ದಿನಚರಿ ಬರೆದವಳು ನಾನು. ಆದರೂ ಮೊನ್ನೆ ಹಳೆಯ ಪುಸ್ತಕಗಳನ್ನು ತೆಗೆದು ನೋಡಿದರೆ, ಕಣ್ಣಿಗೆ ಕಟ್ಟಿದಂತೆ ನೆನಪಿದ್ದ ಒಂದು ಪ್ರಸಂಗ ಅಲ್ಲಿ ಬೇರೆ ವರ್ಷದಲ್ಲಿತ್ತು, ಬೇರೆ ಗಾಡಿಯದಾಗಿತ್ತು. ತಪ್ಪಿದ್ದು ನೆನಪೋ ಬರಹವೋ ಹೇಳಲಾರೆ. ಬರೆದದ್ದೂ ದಿನವಿಡೀ ದುಡಿದು ಸುಸ್ತಾಗಿದ್ದ ಇದೇ ತಲೆ ತಾನೆ.

ಗೋಣಿಕೊಪ್ಪಲಿನ ಒಂದು ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಇದ್ದೆ. ವರ್ಷವಿಡೀ ಎಸ್ಟೇಟಿನ ಜೀಪು, ಪಿಕಪ್ಪು, ಮನೆಮಂದಿಯ ಕಾರುಗಳ ಕೆಲಸ. ಪಂದ್ಯದ ಕಾಲ ಬಂದರೆ ರ್‍ಯಾಲಿ ಕಾರುಗಳನ್ನೂ ತಯಾರು ಮಾಡುತ್ತಿದ್ದೆವು. ನಿವೃತ್ತಳಾಗಿ ಎರಡು ವರ್ಷವಾಯಿತು, ಈಗ ಮಡಿಕೇರಿಯಲ್ಲಿದ್ದೇನೆ. ಕೆಲವು ತಿಂಗಳ ಹಿಂದೆ ಮಾಲೀಕರಾದ ಬೆಳ್ಯಪ್ಪ ಫೋನ್ ಮಾಡಿದರು. "ಮೇಡಂ, ಹೊಸದಾಗಿ ಆರು ಜನ ಸೇರಿದ್ದಾರೆ. ಬಂದು ಒಂದರ್ಧ ಗಂಟೆ ಏನಾದ್ರೂ ಹೇಳಿ. ರೇಸಿಂದ ರೋಡಿಗೆ ಎಂತೆಂತ ಬಂತು ಅಂತ. ರೇಸು ಅಂದ್ರೆ ಮಕ್ಕಳು ಕಿವಿ ಕೊಡ್ತಾವೆ."

ಹೋದೆ. ಎಲ್ಲರೂ ಹೇಳುವುದನ್ನೇ ಹೇಳಿದೆ. ಡಿಸ್ಕ್ ಬ್ರೇಕು ರೇಸಿನಲ್ಲಿ ಪಳಗಿ ಮನೆಯ ಕಾರಿಗೆ ಬಂತು, ಸ್ಟಿಯರಿಂಗಿನ ಹಿಂದಿನ ಗೇರ್ ಪಟ್ಟಿ ಬಂತು, ಎರಡು ಕ್ಲಚ್ಚಿನ ಗೇರ್ ಪೆಟ್ಟಿಗೆ ಬಂತು ಎಂದೆಲ್ಲ. ಕೊನೆಯಲ್ಲಿ ಒಬ್ಬಳು ಹುಡುಗಿ ಎದ್ದು ನಿಂತು, "ಮೇಡಂ, ರೇಸಿನ ಸಾಮಾನು ರೋಡಿನ ಕಾರಿಗೆ ಹಾಕಿ ತೊಂದರೆ ಆದದ್ದು ಉಂಟಾ?" ಎಂದು ಕೇಳಿದಳು.

"ನನ್ನ ಅನುಭವದಲ್ಲಿ ಇಲ್ಲ" ಎಂದೆ.

ಚಪ್ಪಾಳೆ ತಟ್ಟಿದರು. ಹಾಗೆ ಹೇಳಿದ್ದು ಸುಳ್ಳೋ, ಇಲ್ಲ ನನಗೆ ನಿಜಕ್ಕೂ ಗೊತ್ತಿಲ್ಲವೋ ಎಂಬುದೇ ಈ ಬರಹದ ವಿಷಯ. ಹನ್ನೊಂದು ವರ್ಷದ ಹಿಂದೆ ನನ್ನ ನಾದಿನಿ ಸುಮಿತ್ರಳ ಕಾರು ರಸ್ತೆ ಬದಿಯ ಮಣ್ಣಿನ ಗೋಡೆಗೆ, ನಮ್ಮ ಕಡೆ ಬರೆ ಅನ್ನುತ್ತೇವೆ, ಗುದ್ದಿ ಅವಳ ಬಲಗಾಲು ಮುರಿಯಿತು. ತಪ್ಪು ಅವಳದ್ದು ಎಂದು ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ಆ ಕಾರಿಗೆ ರೇಸಿನ ಬ್ರೇಕ್ ಪ್ಯಾಡ್, ಅಂದರೆ ಚಕ್ರದ ತಟ್ಟೆಯನ್ನು ಒತ್ತಿ ಹಿಡಿಯುವ ಬಿಲ್ಲೆ, ಹಾಕಿದ್ದವಳು ನಾನು. ಆ ಹುಡುಗಿಗೆ ಅಂದು ಕೊಡಬೇಕಿದ್ದ ಉತ್ತರವನ್ನು ಈಗ ಬರೆಯಲು ಕೂತಿದ್ದೇನೆ. ಆದರೆ ನೇರವಾಗಿ ಅಲ್ಲಿಗೆ ಹೋದರೆ ಅರ್ಥವಾಗುವುದಿಲ್ಲ. ಅದಕ್ಕೂ ಮೊದಲು ನಾನು ಮಾಡಿದ ಸಣ್ಣ ತಪ್ಪುಗಳನ್ನು ಹೇಳಬೇಕು, ಅವೆಲ್ಲ ಒಂದೇ ಜಾತಿಯವು.

ಮೈಸೂರಿನಲ್ಲಿ ಮೆಕ್ಯಾನಿಕಲ್ ಪದವಿ ಮುಗಿಸಿ ಬಂದಾಗ ನನಗೆ ಸ್ಪ್ಯಾನರ್ ಹಿಡಿಯಲು ಸರಿಯಾಗಿ ಬರುತ್ತಿರಲಿಲ್ಲ. ಕಲಿಸಿದವರು ಮೊಯ್ದು ಕಾಕ. ಹೆಡ್ ಮೆಕ್ಯಾನಿಕ್. ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ಅವರು ಎಂಜಿನ್ನಿನ ಸದ್ದು ಕೇಳಿ ಯಾವ ಸಿಲಿಂಡರ್ ಎಂದು ಹೇಳುತ್ತಿದ್ದರು. ಒಮ್ಮೆ ಸಿದ್ದಾಪುರದ ಕಡೆಯ ಒಬ್ಬ ಪ್ಲಾಂಟರ್ ಬಂದು, ರ್‍ಯಾಲಿ ಕಾರಿನ ಎಂಜಿನ್ ಅಡಿಗೆ ಹಾಕುವ ದಪ್ಪ ತಗಡು ತನ್ನ ಕಾರಿಗೂ ಬೇಕೆಂದರು. ಎಸ್ಟೇಟಿನ ದಾರಿಯಲ್ಲಿ ಕಲ್ಲು ತಾಗಿ ಎರಡು ಸಲ ಆಯಿಲ್ ಚೇಂಬರ್ ಒಡೆದಿತ್ತು. ನಾನು ಅಳತೆ ತೆಗೆದು, ಚಿತ್ರ ಬರೆದು, ರ್‍ಯಾಲಿ ಕಾರಿನದ್ದರಂತೆಯೇ ಮಾಡಿಸಿ ಹಾಕಿಸಿದೆ. ಮೂರು ತಿಂಗಳ ನಂತರ ಆಯಿಲ್ ಬದಲಾಯಿಸಲು ಕಾರು ಬಂತು. ಅಡಿಯಲ್ಲಿ ಮಲಗಿದ್ದ ಮೊಯ್ದು ಕಾಕ ಅಲ್ಲಿಂದಲೇ ಕೂಗಿದರು:

"ಮೇಡಂ, ನಿಮ್ಮ ಡಿಗ್ರಿಯಲ್ಲಿ ತೂತಿನ ಪಾಠ ಇರ್ಲಿಲ್ಲ?"

ಆಯಿಲ್ ಇಳಿಸುವ ಬೋಲ್ಟಿನ ಕೆಳಗೆ ತೂತು ಬಿಟ್ಟಿರಲಿಲ್ಲ. ಹನ್ನೊಂದು ಬೋಲ್ಟು ಬಿಚ್ಚಿ ಇಡೀ ತಗಡನ್ನು ಇಳಿಸಬೇಕಾಯಿತು. ರ್‍ಯಾಲಿ ಕಾರಿನಲ್ಲಿಯೂ ತೂತಿಲ್ಲ. ಆದರೆ ಅದನ್ನು ಪ್ರತಿ ಪಂದ್ಯ ಮುಗಿದೊಡನೆ ಹೇಗೂ ಬಿಚ್ಚುತ್ತಾರೆ, ಅಡಿಯೆಲ್ಲ ನೋಡುತ್ತಾರೆ. ನಾನು ತಗಡನ್ನು ಮಾತ್ರ ನೋಡಿದ್ದೆ, ಬಿಚ್ಚುವ ಪದ್ಧತಿಯನ್ನು ನೋಡಿರಲಿಲ್ಲ. (ದಿನಚರಿಯ ಪ್ರಕಾರ ಅದು ಕಾರಲ್ಲ, ಪಿಕಪ್ಪು. ಮೊದಲೇ ಹೇಳಿದೆನಲ್ಲ, ಅದೇ ಪ್ರಸಂಗ ಇದು.)

ಇನ್ನೊಬ್ಬರು ತಮ್ಮ ಜೀಪಿಗೆ ರ್‍ಯಾಲಿಯವರ ಗಟ್ಟಿ ಸ್ಪ್ರಿಂಗ್ ಹಾಕಿಸಿಕೊಂಡು ಹೋದರು. ತಿರುವಿನಲ್ಲಿ ವಾಲುವುದಿಲ್ಲ ಎಂದು ಖುಷಿಯಾಗಿದ್ದರು. ಹದಿನೈದು ದಿನಕ್ಕೆ ಅವರ ಎಸ್ಟೇಟಿನ ರೈಟರ್, ಅಂದರೆ ಲೆಕ್ಕ-ಹಾಜರಿ ನೋಡುವವರು, ಜೀಪು ತಂದು ನಿಲ್ಲಿಸಿದರು. "ಹಳೇ ಸ್ಪ್ರಿಂಗೇ ಹಾಕಿ ಮೇಡಂ. ಕಾಫಿ ಪಿಕ್ಕಿಂಗಿಗೆ ಬರೋ ಹೆಂಗಸರು ಹತ್ತುದಿಲ್ಲ ಅಂತಾರೆ. ಸಾವ್ಕಾರ್ರೆ, ನಿಮ್ಮ ಜೀಪಲ್ಲಿ ಬಂದ್ರೆ ಸೊಂಟ ಇರುದಿಲ್ಲ, ನಾವು ನಡ್ಕೊಂಡೇ ಬರ್ತೇವೆ ಅಂತ ಲೈನ್ ಮನೆಗಳಿಂದ ನಡ್ಕೊಂಡೇ ಬಂದ್ರು." ರ್‍ಯಾಲಿ ಕಾರಿನ ಹಿಂದೆ ಹತ್ತು ಜನ ಹೆಂಗಸರು ಕೂರುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ.

ಇವಕ್ಕೆಲ್ಲ ನಕ್ಕುಬಿಟ್ಟೆವು. ಆದರೆ ಯಾವುದು ಎಲ್ಲಿಂದ ಎಲ್ಲಿಗೆ ಬಂತು ಎಂಬ ಗೊಂದಲ ಮಾತ್ರ ನನಗೆ ವರ್ಷ ಕಳೆದಂತೆ ಹೆಚ್ಚೇ ಆಯಿತು. ಕೊಯ್ಲು ಮುಗಿದ ಗದ್ದೆಯೊಂದರಲ್ಲಿ ಪಂದ್ಯವಿತ್ತು. ಹಿಂದಿನ ದಿನ ಅಕಾಲದ ಮಳೆ ಬಂದು ನಮ್ಮ ರ್‍ಯಾಲಿ ಕಾರು ಕೆಸರಿನಲ್ಲಿ ಹೂತಿತು. ಎಳೆಯಲು ಬಂದ ಎಸ್ಟೇಟ್ ಜೀಪಿನ ಡ್ರೈವರ್ ಬೀಡಿ ಬಾಯಲ್ಲಿಟ್ಟುಕೊಂಡೇ, "ಚಕ್ರದ ಗಾಳಿ ಸ್ವಲ್ಪ ಬಿಡಿ, ಸಪಾಟ ಆಗ್ಲಿ, ಮತ್ತೆ ನೋಡಿ" ಎಂದ. ಬಿಟ್ಟೆವು. ಕಾರು ತಾನೇ ಎದ್ದು ಬಂತು. ಮುಂದಿನ ಪಂದ್ಯಗಳಲ್ಲಿ ನಮ್ಮ ಚಾಲಕ ಅದನ್ನೇ ಮಾಡಿದ. ಎರಡು ವರ್ಷವಾದ ಮೇಲೆ ಜೀಪಿನವರೇ ನಮ್ಮಲ್ಲಿಗೆ ಬಂದು, "ಮಳೆಗಾಲಕ್ಕೆ ರ್‍ಯಾಲಿ ಪ್ರೆಶರ್ ಇಟ್ಟುಕೊಡಿ" ಎಂದು ಕೇಳತೊಡಗಿದರು. ಈಗ ಇದನ್ನು ರೇಸಿನಿಂದ ರಸ್ತೆಗೆ ಬಂದದ್ದು ಎನ್ನಬೇಕೋ ಏನೋ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಬಗ್ಗೆಯೂ ಹಾಗೆ: ನಾನು ರೇಸಿನ ಪಟ್ಟಿಯಲ್ಲಿ ಸೇರಿಸಿ ಹೇಳುತ್ತಿದ್ದೆ; ಮೊದಲು ವಿಮಾನದ ಚಕ್ರಕ್ಕೆ ಬಂತೆಂದು ಮತ್ತೊಂದು ಕಡೆ ಓದಿದೆ.

ಕೆಲಸದ ರೀತಿಯೂ ಬದಲಾಯಿತು. ಸೇರಿದಾಗ ಕಿವಿ, ಮೂಗು, ಅಂಗೈ ಇವೇ ಉಪಕರಣಗಳು. ಆಮೇಲೆ ಕಂಪ್ಯೂಟರ್ ಬಂತು, ಗಾಡಿಗೆ ತಂತಿ ಚುಚ್ಚಿದರೆ ದೋಷದ ಸಂಖ್ಯೆ ಹೇಳುತ್ತದೆ. ಚಾಲಕ ಯಾವ ಗಳಿಗೆಯಲ್ಲಿ ಎಷ್ಟು ಬ್ರೇಕ್ ಒತ್ತಿದ ಎಂದು ಬರೆದಿಡುವ ಪದ್ಧತಿ ರೇಸಿನಲ್ಲಿ ಮೊದಲಿನಿಂದ ಇತ್ತು, ಈಗಿನ ಕೆಲವು ಮನೆಯ ಕಾರುಗಳಲ್ಲೂ ಇದೆ. ಸುಮಿಯ ಕಾರಿನಲ್ಲಿ ಅದಿರಲಿಲ್ಲ. ಇದ್ದಿದ್ದರೆ ಈ ಬರಹ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು.

ಸುಮಿ ನನ್ನ ಗಂಡನ ತಂಗಿ. ಶಾಲೆಯ ಟೀಚರ್. ಮನೆ ಮಡಿಕೇರಿಯಲ್ಲಿ, ಶಾಲೆ ಸಂಪಾಜೆಯ ಕಡೆ ಘಾಟಿಯ ಕೆಳಗೆ. ನಮ್ಮ ಮನೆತನದಲ್ಲಿ ಕಾರು ಓಡಿಸಿಕೊಂಡು ಕೆಲಸಕ್ಕೆ ಹೋದ ಮೊದಲ ಹೆಂಗಸು ಅವಳು. ನಾನು ಕಾರು ಬಿಚ್ಚಲು ಕಲಿತಷ್ಟು ಬೇಗ ಓಡಿಸಲು ಕಲಿಯಲಿಲ್ಲ. ದಾರಿಯುದ್ದಕ್ಕೂ ಹಾಡುತ್ತ, ಮಕ್ಕಳ ಉತ್ತರಪತ್ರಿಕೆಯ ಕಟ್ಟನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಳು. ಒಂದು ಮಾರ್ಚ್ ತಿಂಗಳಲ್ಲಿ ನಮ್ಮ ವರ್ಕ್‌ಶಾಪಿಗೆ ಕಾರು ತಂದಳು.

"ಅತ್ತಿಗೆ, ಘಾಟಿ ಇಳಿಯುವಾಗ ಅರ್ಧ ದಾರಿಗೆ ಬ್ರೇಕು ಸುಟ್ಟ ವಾಸನೆ ಬರ್ತದೆ. ಆಮೇಲೆ ಒತ್ತಿದ್ರೂ ಸರಿ ಹಿಡಿಯೋದಿಲ್ಲ."

"ಎಷ್ಟನೇ ಗೇರಲ್ಲಿ ಇಳೀತೀಯ?"

"ಮೂರೋ ನಾಲ್ಕೋ. ಯಾರು ನೋಡ್ತಾರೆ? ಬ್ರೇಕ್ ಇದ್ಯಲ್ಲ."

ಪಕ್ಕದಲ್ಲಿದ್ದ ಮೊಯ್ದು ಕಾಕ ಕೈ ಒರೆಸಿಕೊಳ್ಳುತ್ತ, "ಟೀಚರ್‌ಗೆ ಸೆಕೆಂಡ್ ಗೇರ್ ಹೇಳ್ಕೊಡಿ ಮೇಡಂ, ಎಂಜಿನ್ನೇ ಹಿಡೀತದೆ, ಸಾಕು" ಎಂದರು. ಇದು ನೆನಪಿದೆ.

ಆದರೆ ಆ ವಾರ ನಮ್ಮಲ್ಲಿ ಪಂದ್ಯದ ಕಾರೊಂದಿತ್ತು. ಅದೂ ಸುಮಿಯದೂ ಒಂದೇ ಮಾದರಿ. ಅದಕ್ಕೆಂದು ತರಿಸಿದ ರೇಸಿನ ಪ್ಯಾಡುಗಳಲ್ಲಿ ಒಂದು ಜೊತೆ ಹೊಸದು ಉಳಿದಿತ್ತು. ಎಷ್ಟು ಬಿಸಿಯಾದರೂ ಸೋಲದ ಪ್ಯಾಡು. ಸುಮಿಯ ಬ್ರೇಕು ಬಿಸಿಗೆ ಸೋಲುತ್ತಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಬೇರೆ ಯೋಚನೆ ಹುಟ್ಟುವುದಾದರೂ ಹೇಗೆ? ಬೆಳ್ಯಪ್ಪ ಹೂಂ ಅಂದರು. ನಾನೇ ಹಾಕಿದೆ. ಮರುದಿನ ಭಾನುವಾರ ಮಧ್ಯಾಹ್ನ ನಾನೂ ಸುಮಿಯೂ ಸಂಪಾಜೆಯವರೆಗೆ ಇಳಿದು ನೋಡಿದೆವು. ದಿನಚರಿಯಲ್ಲಿ ಹೀಗಿದೆ: "ಎಂಟು ಸಲ ಗಟ್ಟಿಯಾಗಿ ಹಿಡಿದೆವು. ವಾಸನೆಯಿಲ್ಲ. ಕೊನೆಯ ತಿರುವಿನಲ್ಲಿ ಮೊದಲಿಗಿಂತ ಚೆನ್ನಾಗಿ ಹಿಡಿಯಿತು. ಸುಮಿಗೆ ಖುಷಿ." ಅಷ್ಟೆ.

ಬಿಸಿಗೆ ಹೆದರದ ಆ ಪ್ಯಾಡು ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಅದನ್ನು ಬಿಸಿ ಮಾಡಿಕೊಂಡೇ ಕೆಲಸಕ್ಕೆ ಇಳಿಸಬೇಕು. ಕಂಪನಿಯವರು ಮನೆಯ ಕಾರಿಗೆ ಪ್ಯಾಡು ಮಾಡುವಾಗ ಬೆಳಿಗ್ಗೆಯ ಚಳಿ, ಮಳೆ, ಅವಸರದಲ್ಲಿರುವ ಟೀಚರ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ವರ್ಷಗಟ್ಟಲೆ ಪರೀಕ್ಷಿಸುತ್ತಾರೆ. ನಾನು ಒಂದು ಮಧ್ಯಾಹ್ನ, ಬಿಸಿಲಿನಲ್ಲಿ, ಪರೀಕ್ಷಿಸಿದೆ.

ಈ ಗುಣ ನನಗೆ ಆಗ ಗೊತ್ತಿತ್ತೆ? ಇಲ್ಲಿಂದಲೇ ನನ್ನ ತಲೆ ಕೆಡುವುದು. ಪಂದ್ಯದಲ್ಲಿ ಚಾಲಕರು ಹೊರಡುವ ಗೆರೆಗೆ ಬರುವ ಮುನ್ನ, ಒಂದು ಕಾಲಿನಲ್ಲಿ ಆಕ್ಸಿಲರೇಟರ್ ಒತ್ತಿ ಇನ್ನೊಂದರಲ್ಲಿ ಬ್ರೇಕ್ ಒತ್ತಿ, ಕಾರನ್ನು ಎಳೆದುಕೊಂಡು ಬರುವ ಹಾಗೆ ಬರುತ್ತಾರೆ. ಅದನ್ನು ನೂರು ಸಲವಾದರೂ ನೋಡಿದ್ದೇನೆ. ನಮ್ಮ ಚಾಲಕ ಅದಕ್ಕೂ ಮೊದಲು ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದ, ಇಳಿದು ನೆಲ ಮುಟ್ಟಿ ನಮಸ್ಕರಿಸುತ್ತಿದ್ದ. ಇವೆಲ್ಲವೂ ಒಂದೇ ಸಾಲಿನಲ್ಲಿ ನಡೆಯುತ್ತಿದ್ದುದರಿಂದ ಬ್ರೇಕ್ ಎಳೆಯುವುದೂ ಒಂದು ಶಾಸ್ತ್ರ ಎಂದುಕೊಂಡಿದ್ದೆ ಎಂದು ನನ್ನ ಒಂದು ನೆನಪು ಹೇಳುತ್ತದೆ. ಹಾಗಾದರೆ ನನಗೆ ಗೊತ್ತಿರಲಿಲ್ಲ. ಇನ್ನೊಂದು ನೆನಪಿನಲ್ಲಿ ನಾನು ಸುಮಿಯ ಗೇಟಿನ ಬಳಿ ನಿಂತು, "ಬೆಳಿಗ್ಗೆ ಹೊತ್ತು ಮೊದಲು ಎರಡು ಮೂರು ಸಲ ಮೆಲ್ಲ ಒತ್ತಿ ಬಿಸಿ ಮಾಡ್ಕೊ" ಎಂದು ಹೇಳುತ್ತಿದ್ದೇನೆ. ಅವಳು ತಲೆಯಾಡಿಸುತ್ತಿದ್ದಾಳೆ. ಹಾಗಾದರೆ ನನಗೆ ಗೊತ್ತಿತ್ತು, ಹೇಳಿಯೂ ಇದ್ದೆ. ಈ ಎರಡನೆಯ ನೆನಪಿನಲ್ಲಿ ಅವಳು ಉಟ್ಟ ಸೀರೆಯ ಬಣ್ಣವೂ ಇದೆ. ಆದರೆ ಅದು ಅಪಘಾತವಾದ ಮೇಲೆ ನಾನೇ ಕಟ್ಟಿಕೊಂಡದ್ದಿರಬಹುದು. ಬೇಕಾದಾಗ ಸೀರೆಯ ಬಣ್ಣವನ್ನೂ ಒದಗಿಸುವಷ್ಟು ಜಾಣತನ ನೆನಪಿಗೆ ಇದೆ.

ಏಪ್ರಿಲ್, ಮೇ, ಜೂನ್ ಏನೂ ಆಗಲಿಲ್ಲ. ಜುಲೈ ತಿಂಗಳು, ನಾಲ್ಕೈದು ದಿನ ಬಿಡದೆ ಮಳೆ ಹೊಡೆದ ಮೇಲಿನ ಒಂದು ಬೆಳಿಗ್ಗೆ, ಸುಮಿ ಶಾಲೆಗೆ ಹೊರಟಳು. ಅವಳ ಮನೆಯಿಂದ ದೊಡ್ಡ ರಸ್ತೆಗೆ ಕಡಿದಾದ ಇಳಿಜಾರು. ಮಂಜಿನಲ್ಲಿ ಕೆಳಗೆ ಶಾಲೆಯ ಬಸ್ಸಿಗೆ ಕಾದ ಮಕ್ಕಳ ಕೊಡೆಗಳು ಕಂಡವು. ಕಾರು ನಿಲ್ಲಲಿಲ್ಲ. ಅವಳು ಸ್ಟಿಯರಿಂಗ್ ಎಳೆದು ಎಡಗಡೆಯ ಬರೆಗೆ ಗುದ್ದಿಸಿದಳು. ಮಕ್ಕಳಲ್ಲಿ ಯಾರಿಗೂ ಏನೂ ಆಗಲಿಲ್ಲ. ಅವಳ ಬಲಗಾಲಿನ ಹಿಮ್ಮಡಿಯ ಮೇಲೆ ಮೂಳೆ ಎರಡು ಕಡೆ ಮುರಿಯಿತು.

ಆಸ್ಪತ್ರೆಗೆ ನಾನು ಮಧ್ಯಾಹ್ನ ತಲುಪಿದೆ. ನನ್ನ ಗಂಡ ಮಂಚದ ಪಕ್ಕದಲ್ಲಿದ್ದರು. ಸುಮಿ ನನ್ನ ಮುಖ ನೋಡಿ ಮೊದಲು ಹೇಳಿದ್ದು ಇಷ್ಟು:

"ನಾನು ಬ್ರೇಕೇ ಒತ್ತಿದೆ ಅತ್ತಿಗೆ. ಮರದ ಹಲಗೆ ಒತ್ತಿದ ಹಾಗಾಯ್ತು."

ರ್‍ಯಾಲಿಯವರು ತಣ್ಣಗಿನ ಪ್ಯಾಡಿನ ಬಗ್ಗೆ ಹೇಳುವ ಮಾತು ಇದೇ. ಅವಳಿಗೆ ಅದು ಯಾರೂ ಹೇಳಿಕೊಟ್ಟದ್ದಲ್ಲ, ಅವಳ ಕಾಲಿಗೆ ತಿಳಿದದ್ದು. ಆ ಕ್ಷಣ ನನಗೆ ಎಲ್ಲ ಅರ್ಥವಾಯಿತು. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ನಾನು ಏನೂ ಹೇಳಲಿಲ್ಲ ಎಂಬುದರಲ್ಲೂ ಇಲ್ಲ.

ನನ್ನ ಗಂಡ ಹೇಳಿದರು: "ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿರ್ತೀಯ ಬಿಡು. ನಾಲ್ಕನೇ ಗೇರಲ್ಲಿ ಘಾಟಿ ಇಳಿಯೋಳು ನೀನು."

ಸುಮಿ ಇನ್ನೊಮ್ಮೆ ನನ್ನ ಕಡೆ ನೋಡಿದಳು. "ಇರಬಹುದು ಅಣ್ಣ" ಎಂದಳು.

ಮರುವಾರ ಕಾರನ್ನು ವರ್ಕ್‌ಶಾಪಿಗೆ ಎಳೆದು ತಂದರು. ಯಾರಿಗೂ ಹೇಳದೆ ನಾನೇ ಆ ಪ್ಯಾಡು ಬಿಚ್ಚಿ ಮಾಮೂಲಿನದ್ದು ಹಾಕಿದೆ. ಮೊಯ್ದು ಕಾಕ ದೂರದಿಂದ ನೋಡುತ್ತಿದ್ದರು. ಹತ್ತಿರ ಬಂದು ಬಿಚ್ಚಿದ ಪ್ಯಾಡನ್ನು ಕೈಯಲ್ಲಿ ತಿರುಗಿಸಿ, "ನಾನು ಆವಾಗ್ಲೇ ಹೇಳಿದ್ದೆ ಅಲ್ಲ ಮೇಡಂ" ಎಂದರು. ಏನು ಹೇಳಿದ್ದರು? ಸೆಕೆಂಡ್ ಗೇರಿನ ಮಾತೇ, ಪ್ಯಾಡಿನ ಮಾತೇ? ಕೇಳಲು ಧೈರ್ಯ ಬರಲಿಲ್ಲ. ಕಾಕ ಈಗಿಲ್ಲ. ಮನೆಯವರಿಗೆ ವಿಷಯ ಹೇಳಿಬಿಡಲೇ ಎಂದು ಬೆಳ್ಯಪ್ಪನವರನ್ನು ಆಗ ಕೇಳಿದ್ದಕ್ಕೆ, "ತೆಗ್ದಾಯ್ತಲ್ಲ? ಟೀಚರ್ ಉಳ್ಕೊಂಡ್ರಲ್ಲ? ಹಳೇದು ಕೆದಕಿ ಎಂತ ಮಾಡ್ತೀರಿ" ಎಂದರು. ಅವರು ಕೆಟ್ಟವರಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಮೇಲೆ ಕೂಗಿದವರಲ್ಲ. ಅವತ್ತು ಒಮ್ಮೆ ಕೂಗಿದ್ದರೆ ನನಗೆ ಉಪಕಾರವಾಗುತ್ತಿತ್ತು.

ಮೂಳೆ ಕೂಡಿತು. ಸುಮಿ ಮತ್ತೆ ಕಾರು ಓಡಿಸಲಿಲ್ಲ. ಒಂದು ವರ್ಷ ಬಸ್ಸಿನಲ್ಲಿ ಹೋಗಿ ಬಂದಳು, ಆಮೇಲೆ ಮಡಿಕೇರಿಯ ಶಾಲೆಗೆ ವರ್ಗ ಮಾಡಿಸಿಕೊಂಡಳು. ಕಾರು ಮಾರಿದರು. ಮನೆಯ ಸಮಾರಂಭಗಳಲ್ಲಿ ನನ್ನ ಗಂಡನಿಗೆ ಅದೊಂದು ತಮಾಷೆಯಾಯಿತು: "ನಮ್ಮ ಸುಮಿಗೆ ಬ್ರೇಕು ಯಾವುದು, ಆಕ್ಸಿಲರೇಟರ್ ಯಾವುದು ಅಂತ ಇಂಜಿನಿಯರ್ ಅತ್ತಿಗೆ ಒಂದು ಚಿತ್ರ ಬರ್ಕೊಡ್ಬೇಕಿತ್ತು." ಎಲ್ಲರೂ ನಗುವರು. ಸುಮಿಯೂ. ನಾನೂ ನಕ್ಕಿದ್ದೇನೆ.

ಹನ್ನೊಂದು ವರ್ಷ ನಾನು ಯಾಕೆ ಬಾಯಿ ಬಿಡಲಿಲ್ಲ? ಕೆಲಸ ಹೋಗುತ್ತದೆಂಬ ಹೆದರಿಕೆ ಇರಲಿಲ್ಲ. ಅವಳೇ ಒಪ್ಪಿಕೊಂಡಿದ್ದಾಳಲ್ಲ ಎಂಬುದು ನನಗೆ ಆಸರೆಯಾಯಿತು. ಅವಳ ಕಾಲು ನಿಜವಾಗಿಯೂ ತಪ್ಪಿದ್ದರೆ? ಪ್ಯಾಡು ತಣ್ಣಗಿತ್ತು ಎಂಬುದು ನಿಜ, ಕಾಲು ತಪ್ಪಿತು ಎಂಬುದೂ ನಿಜವಾಗಿರಬಹುದು. ಮುರಿದ ರೀತಿ ನೋಡಿದರೆ ಪೆಡಲನ್ನು ಬಲವಾಗಿ ಒತ್ತಿ ಹಿಡಿದಿದ್ದ ಕಾಲು ಎಂದು ಡಾಕ್ಟರ್ ಅಂದಿದ್ದರು. ಯಾವ ಪೆಡಲು ಎಂದು ಮೂಳೆ ಹೇಳುವುದಿಲ್ಲ. ಡಾಕ್ಟರ್ ಹಾಗೆ ಅಂದರೋ, ನಾನು ಹಾಗೆ ಕೇಳಿಸಿಕೊಂಡೆನೋ ಎಂಬುದೂ ಈಗ ಖಚಿತವಿಲ್ಲ.

ಆ ಹುಡುಗಿಗೆ ಚಪ್ಪಾಳೆಯ ನಡುವೆ ಸುಳ್ಳು ಹೇಳಿ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ಎರಡು ತಿಂಗಳ ಹಿಂದೆ ವಿರಾಜಪೇಟೆಯಲ್ಲಿ ಒಂದು ಮದುವೆ. ನನ್ನ ಗಂಡ ಮುನ್ನಾ ದಿನವೇ ಹೋಗಿದ್ದರು. ನಾನು ಸುಮಿಯನ್ನು ಕರೆದುಕೊಂಡು ಮೂರ್ನಾಡಿನ ದಾರಿಯಲ್ಲಿ ಹೊರಟೆ. ಸಾಮಾನ್ಯವಾಗಿ ಅವಳು ಕಾರಿನ ಹಿಂದಿನ ಸೀಟಿನಲ್ಲೇ ಕೂರುವುದು. ಅಂದು ಹಿಂದೆ ಹಣ್ಣಿನ ಬುಟ್ಟಿಗಳು ತುಂಬಿದ್ದರಿಂದ ಮುಂದೆ ಕೂತಳು. ಮೂರ್ನಾಡು ದಾಟುವವರೆಗೆ ಮದುವೆಯ ಮಾತು. ಒಂದು ಇಳಿಜಾರಿನಲ್ಲಿ ನಾನು ಬ್ರೇಕ್ ಒತ್ತಿದಾಗ ಅವಳ ಬಲಗಾಲೂ ಕೆಳಗಿನ ಮ್ಯಾಟಿನ ಮೇಲೆ ಒತ್ತಿ ನಿಂತದ್ದು ಕಂಡಿತು.

ನಾನು ಪ್ಯಾಡಿನ ವಿಷಯ ಹೇಳಿದೆ. ಎಲ್ಲಿಂದ ತಂದೆ, ಹೇಗೆ ಹಾಕಿದೆ, ಹೇಗೆ ಬಿಚ್ಚಿದೆ ಎಲ್ಲವನ್ನೂ. ಗೇಟಿನ ಬಳಿ ಅವಳಿಗೆ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ ಎಂಬುದನ್ನೂ. ಅವಳು ಆಶ್ಚರ್ಯಪಡಲಿಲ್ಲ. ಹೊರಗೆ ಕಾಫಿ ತೋಟದ ಬೇಲಿಯ ಕಡೆ ನೋಡುತ್ತಿದ್ದಳು. ಗೇಟಿನ ಬಳಿ ಹೇಳಿದ್ದೆನೇ ಎಂದು ಕೇಳಬೇಕೆಂದಿದ್ದೆ; ಆಶ್ಚರ್ಯಪಡದ ಆ ಮುಖ ನೋಡಿ ಬೇರೆಯೇ ಪ್ರಶ್ನೆ ನನ್ನ ಬಾಯಿಂದ ಬಂತು.

"ಸುಮಿ, ಆಸ್ಪತ್ರೆಯಲ್ಲಿ ನೀನು ಬ್ರೇಕೇ ಒತ್ತಿದೆ ಅಂದೆ. ಆಮೇಲೆ ನನ್ನ ಕಡೆ ನೋಡಿ, ಇರಬಹುದು ಅಂತ ಯಾಕೆ ಒಪ್ಪಿಕೊಂಡೆ?"

"ಎದುರಿಗೆ ಬಸ್ಸು ಬರ್ತಾ ಉಂಟು ಅತ್ತಿಗೆ" ಎಂದಳು ಸುಮಿ. "ಸ್ವಲ್ಪ ಎಡಕ್ಕೆ ತಗೊಳ್ಳಿ."

ಎಡಕ್ಕೆ ತೆಗೆದುಕೊಂಡೆ. ಬಸ್ಸು ಹೋಯಿತು, ಸುಮಿ ಮದುವೆಯ ಮಾತಿಗೆ ಮರಳಿದಳು. ಬಸ್ಸಿನ ಹಿಂದೆ ಇನ್ನೊಂದು ಗಾಡಿ ಇರಲಿಲ್ಲ, ವಿರಾಜಪೇಟೆಯವರೆಗೂ ರಸ್ತೆ ಖಾಲಿಯಾಗಿಯೇ ಇತ್ತು.